ಕರಿದ ಎಣ್ಣೆಯಿಂದ ಇಂಧನ

ಪೋಡಿ, ಹಪ್ಪಳ ಕರಿದುಳಿದ ಎಣ್ಣೆಯಿಂದ ಲಾರಿ ಓಡೀತೇ ಎಂದು ತರಗತಿಯಲ್ಲಿ ಹುಡುಗನೊಬ್ಬ ಕೇಳಿದ್ದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನೊಂದನ್ನು ನೆಲಗಡಲೆ ಎಣ್ಣೆಯಿಂದಲೇ ಓಡಿಸಿದ್ದರು. ಆದರೆ ಎಣ್ಣೆ ಮಂದ. ಈಗಿನ ಎಂಜಿನಿನಲ್ಲಿ ಮಸಿ ಕಟ್ಟುತ್ತದೆ. ನಮ್ಮ ತೆಂಗಿನೆಣ್ಣೆಯಂತೂ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುವುದನ್ನು ಧನುಮಾಸದ ಬೆಳಗಿನಲ್ಲಿ ಕಾಸರಗೋಡಿನವರೆಲ್ಲ ಕಂಡವರೇ.

ಎಣ್ಣೆಯ ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್‌ಗೆ ಅಂಟಿಕೊಂಡಿರುತ್ತವೆ. ಕ್ಷಾರದ ನೆರವಿನಿಂದ ಮೆಥನಾಲ್ ಗ್ಲಿಸರಿನ್ನನ್ನು ಬಿಡಿಸಿ ಆ ಸ್ಥಾನದಲ್ಲಿ ತಾನು ಸೇರುತ್ತದೆ. ಲೀಟರು ಎಣ್ಣೆಗೆ 200 ಮಿಲಿಲೀಟರ್ ಮೆಥನಾಲ್, ಸುಮಾರು 55 ಡಿಗ್ರಿ ಶಾಖ. ಗ್ಲಿಸರಿನ್ ತಳಕ್ಕಿಳಿದ ಮೇಲೆ ಉಳಿಯುವುದೇ ಜೈವಿಕ ಡೀಸೆಲ್. ಅದನ್ನು ನೀರಿನಿಂದ ತೊಳೆದು ತೇವ ಆರಿಸಬೇಕು.

ಹೊಸ ಎಣ್ಣೆಗೆ ಸುಮಾರು 3.5 ಗ್ರಾಂ ಕಾಸ್ಟಿಕ್ ಸೋಡಾ ಸಾಕು. ಕರಿದ ಎಣ್ಣೆಯ ಮುಕ್ತ ಆಮ್ಲ ಕ್ಷಾರವನ್ನು ನುಂಗುವುದರಿಂದ ಅನುಮಾಪನದಿಂದ ಆಮ್ಲವನ್ನು ಅಳೆದೇ ಹೆಚ್ಚುವರಿ ಪ್ರಮಾಣ ನಿರ್ಧರಿಸಬೇಕು. ಆಟಿಯ ಮಳೆಯಲ್ಲಿ ಇದನ್ನು ಅಲಕ್ಷಿಸಿ, ತೇವ ಆರದ ಎಣ್ಣೆಯಲ್ಲೇ ನಾನು ಪ್ರಯೋಗಕ್ಕಿಳಿದೆ. ಸೀಸೆಯ ತುಂಬ ಸಾಬೂನು! ಮಕ್ಕಳಿಗೆ ನಗು, ನನಗೆ ನಾಚಿಕೆ.

ಇದು ಅಡುಗೆಮನೆಯ ಕೆಲಸವಲ್ಲ. ಮೆಥನಾಲ್ ಬಲುಬೇಗ ಹೊತ್ತಿಕೊಳ್ಳುವ ವಿಷ. ಹೊಟ್ಟೆಗೆ ಹೋದರೆ ಕಣ್ಣನ್ನೇ ಕಳೆಯುತ್ತದೆ. ಹಾಗೆಂದು ಹಳೆಯ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ತಿನ್ನುವುದೂ ಸಲ್ಲದು: ಧ್ರುವೀಯ ಸಂಯುಕ್ತಗಳು ಶೇಕಡಾ 25 ಮೀರಿದ ಎಣ್ಣೆಯನ್ನು ಆಹಾರಕ್ಕೆ ಬಳಸಬಾರದೆಂದು 2018ರಿಂದ ನಿಯಮವಿದೆ. ಲಾರಿಗೆ ಬಳಸುವ ಜೈವಿಕ ಡೀಸೆಲ್ ಐ.ಎಸ್. 15607 ಮಾನಕಕ್ಕೆ ಹೊಂದಬೇಕು, ನಮ್ಮದು ಅಲ್ಲಿಗೇರಲಿಲ್ಲ. ಎರಡನೆಯ ಸಲ ದೊರೆತ ಅರ್ಧ ಸೀಸೆಯಲ್ಲಿ ಹತ್ತಿಯ ಬತ್ತಿ ಉರಿಸಿ ಆ ಹುಡುಗನಿಗೆ ತೋರಿಸಿದೆ.