ಶಾರ್ಟ್‌ಕಟ್‌ಗಳನ್ನೂ ಬ್ಯಾಕಪ್ ಮಾಡಿ

ಪ್ರಶ್ನೆ: ಸಂಪಾಜೆಯಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟಿದ್ದೇನೆ. ವಿಂಡೋಸ್ ಫಾರ್ಮ್ಯಾಟ್ ಮಾಡಿಸಿದ ಮೇಲೆ ಫೈಲುಗಳನ್ನು ನಿಭಾಯಿಸುವ ಡಬಲ್ ಕಮಾಂಡರ್‌ ತಂತ್ರಾಂಶದಲ್ಲಿ ನಾನು ಹಾಕಿಕೊಂಡಿದ್ದ ಕೀಬೋರ್ಡ್ ಶಾರ್ಟ್‌ಕಟ್‌ಗಳೆಲ್ಲ ಮಾಯ. ಏನು ಮಾಡಲಿ?

ಉತ್ತರ: ನಕಲು ಇಟ್ಟಿಲ್ಲದಿದ್ದರೆ ಹೋದದ್ದು ಹೋಯಿತು, ಹೊಸದಾಗಿ ಹಾಕಿಕೊಳ್ಳಬೇಕು. ಅವು ಕೂತಿರುವುದು ‘ಶಾರ್ಟ್‌ಕಟ್ಸ್.ಎಸ್‌ಸಿಎಫ್’ ಎಂಬ ಒಂದೇ ಫೈಲಿನಲ್ಲಿ. ಸಾಮಾನ್ಯವಾಗಿ ಆಪ್‌ಡೇಟಾ, ರೋಮಿಂಗ್, ಅದರೊಳಗೆ ‘ಡಬಲ್‌ಸಿಎಂಡಿ’ ಫೋಲ್ಡರಿನಲ್ಲಿ ಸಿಗುತ್ತದೆ. ಆಪ್‌ಡೇಟಾ ಅಡಗಿರುವ ಫೋಲ್ಡರ್, ಹುಡುಕಿದರೂ ಕಣ್ಣಿಗೆ ಬೀಳದು. ರನ್ ಪೆಟ್ಟಿಗೆಯಲ್ಲಿ %ಆಪ್‌ಡೇಟಾ% ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಅಲ್ಲಿರುವ ‘ಡಬಲ್‌ಸಿಎಂಡಿ’ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ಹಾಕಿಡಿ. ಮರಳಿ ತರುವಾಗ ಡಬಲ್ ಕಮಾಂಡರ್ ಮುಚ್ಚಿರಲಿ.

ಈಗ ಹೊಸದಾಗಿ ಹಾಕುವಾಗ ಆಪ್ಶನ್ಸ್‌ನಲ್ಲಿ ಕೀಸ್, ಹಾಟ್ ಕೀಸ್‌ಗೆ ಹೋಗಿ. ನಕಲಿನ ಎಫ್5, ಸ್ಥಳಾಂತರದ ಎಫ್6, ಅಳಿಸುವ ಎಫ್8 ತಂಟೆಗೆ ಹೋಗಬೇಡಿ. ಗಿರಾಕಿ ಎದುರು ನಿಂತಿರುವಾಗ ಬೆರಳು ಹಳೆಯ ಅಭ್ಯಾಸಕ್ಕೇ ಓಡುತ್ತದೆ. ಕನ್ನಡ ಟೈಪಿಂಗ್‌ಗೆ ‘ನುಡಿ’ ತಂತ್ರಾಂಶ ಬಳಸುವವರಾದರೆ ಸ್ಕ್ರಾಲ್ ಲಾಕನ್ನೂ ಬಿಟ್ಟುಬಿಡಿ, ಕನ್ನಡ–ಇಂಗ್ಲಿಷ್ ಬದಲಾಗುವುದು ಅದರಲ್ಲೇ.

ನಿಮ್ಮೂರಿನ ಹೆಸರು ಕೊಡಗಿನಲ್ಲೂ ಇದೆ, ದಕ್ಷಿಣ ಕನ್ನಡದಲ್ಲೂ ಇದೆ. ಹಾಗಾಗಿ ಗಿರಾಕಿಗಳು ತರುವ ಎರಡು ಜಿಲ್ಲೆಯ ಅರ್ಜಿಗಳಿಗೆ ಎರಡು ಫೋಲ್ಡರ್ ಇರಲೇಬೇಕು. ಅವಕ್ಕೆಂದು ಶಾರ್ಟ್‌ಕಟ್ ಖರ್ಚು ಮಾಡುವುದು ದಂಡ. ಡಬಲ್ ಕಮಾಂಡರ್‌ನಲ್ಲಿ ಕಂಟ್ರೋಲ್ ಡಿ ಒತ್ತಿದರೆ ಬರುವ ಫೋಲ್ಡರುಗಳ ಪಟ್ಟಿಗೆ ಎರಡನ್ನೂ ಸೇರಿಸಿ.