ಹೋಗುವಾಗ ಲೋಡು, ಬರುವಾಗ ಖಾಲಿ

ಬಂಗಾರಪೇಟೆ ಕಡೆ ಲಾರಿ ಇಟ್ಟವರನ್ನು ವ್ಯಾಪಾರ ಹೇಗಿದೆ ಎಂದು ಕೇಳಿ ನೋಡಿ, ‘ಲೋಡೇ ಇಲ್ಲ ಸ್ವಾಮಿ’ ಅನ್ನುತ್ತಾರೆ. ಈ ಕಸುಬಿನಲ್ಲೇ ತಲೆ ನರೆತ ನಾನು ಆ ಮಾತನ್ನು ಒಪ್ಪುವುದಿಲ್ಲ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಇದೆ, ಮಾಲೂರಿನ ಹೆಂಚು ಇಟ್ಟಿಗೆ ಇದೆ, ನರಸಾಪುರ, ವೇಮಗಲ್ ಕಾರ್ಖಾನೆಗಳ ಗೇಟಿನ ಮುಂದೆ ಗಾಡಿಗಳ ಸಾಲಿದೆ. ಇಷ್ಟೆಲ್ಲ ಇದ್ದೂ ಊರಿನವರ ಲಾರಿಗಳು ಒಂದೊಂದಾಗಿ ಫೈನಾನ್ಸಿನವರ ಯಾರ್ಡು ಸೇರುತ್ತಿವೆ. ಯಾಕೆ ಹೀಗಾಗುತ್ತಿದೆ ಎಂದು ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ. ಹೊಸದಾಗಿ ಗಾಡಿ ತೆಗೆಯುವ ಆಸೆಯಲ್ಲಿರುವ ನಮ್ಮ ಹುಡುಗರು ಓದಲಿ ಎಂಬುದು ನನ್ನ ಉದ್ದೇಶ.

ಮೊದಲು ನಮ್ಮ ಸೀಮೆಯ ಸರಕಿನ ಕಥೆ ಹೇಳಬೇಕು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆಜಿಎಫ್ ಚಿನ್ನದ ಗಣಿಗಳ ಉಸ್ತುವಾರಿಗೆ ಬಂದ ಮೇಲೆ ಇಲ್ಲಿಗೆ ಯಂತ್ರ, ಕಬ್ಬಿಣ, ಮರಮುಟ್ಟು ಎಲ್ಲವೂ ಹೊರಗಿನಿಂದಲೇ ಬರಬೇಕಾಯಿತು. ಆಗ ಬೌರಿಂಗ್‌ಪೇಟೆ ಎನ್ನಿಸಿಕೊಳ್ಳುತ್ತಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಹಳಿ ಬಿತ್ತು. ಊರಗಾಂ, ಚಾಂಪಿಯನ್, ಕೋರಮಂಡಲ ಎಂಬ ಗಣಿಗಳ ಹೆಸರೇ ಆ ದಾರಿಯ ಸ್ಟೇಷನ್ನುಗಳಿಗೂ ಬಂದವು. ಗಣಿ ಇರುವ ತನಕ ಸ್ಟೇಷನ್ನಿನಿಂದ ಗೋದಾಮಿಗೆ, ಗೋದಾಮಿನಿಂದ ಶಾಫ್ಟಿಗೆ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ಅಂಗಡಿಗಳಿಗೆ ಮಾಲು ಸಾಗಿಸುವುದೇ ಎಷ್ಟೋ ಮನೆಗಳ ಅನ್ನವಾಗಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಬೆಮೆಲ್ ಕಾರ್ಖಾನೆ ಉಳಿಯಿತು, ಅದರ ಸುತ್ತ ಒಂದಿಷ್ಟು ಕೆಲಸ ಉಳಿಯಿತು. ಉಳಿದಂತೆ ಕೆಜಿಎಫ್ ಹೊರಗೆ ಕಳಿಸುವುದು ಮುಖ್ಯವಾಗಿ ಮನುಷ್ಯರನ್ನು. ಬೆಳಗಿನ ರೈಲುಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ, ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಅಷ್ಟು ಜನ. ಸಿಮೆಂಟು, ಅಕ್ಕಿ, ಎಣ್ಣೆ, ಟೈಲ್ಸ್, ಪ್ಲಾಸ್ಟಿಕ್ ಸಾಮಾನು ಒಳಗೆ ಬರುತ್ತವೆ. ಅವನ್ನು ಇಳಿಸಿದ ಲಾರಿಗೆ ವಾಪಸ್ ತುಂಬಲು ಏನೂ ಇಲ್ಲ.

ಫಿಜಿಯಂಥ ದ್ವೀಪ ದೇಶಗಳಲ್ಲಿ ಅಲ್ಲಿನವರೇ ನಡೆಸುವ ಸಣ್ಣ ಹಡಗುಗಳ ಪಾಡನ್ನು ಓದಿದಾಗ ನನಗೆ ರಾಬರ್ಟ್‌ಸನ್‌ಪೇಟೆಯ ಬಜಾರೇ ಕಣ್ಣ ಮುಂದೆ ಬಂತು. ದೂರದ ದ್ವೀಪಕ್ಕೆ ಹೋಗುವಾಗ ಹಡಗು ತುಂಬಿರುತ್ತದೆ, ಬರುವಾಗ ಒಂದಿಷ್ಟು ಕೊಬ್ಬರಿ ಸಿಕ್ಕರೆ ಪುಣ್ಯ. ಅದಕ್ಕೇ ಫಿಜಿ ಸರ್ಕಾರ ನಷ್ಟದ ದಾರಿಗಳನ್ನು ಗುರುತಿಸಿ, ಆ ದಾರಿಯಲ್ಲಿ ಹಡಗು ಓಡಿಸುವ ಖಾಸಗಿ ಮಾಲೀಕರಿಗೆ ಸಹಾಯಧನ ಕೊಡುತ್ತದೆ. ಸಮುದ್ರದ ನಡುವೆ ಇರುವವರ ಕಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಡಾಂಬರು ರಸ್ತೆ ಇರುವ ಊರಿಗೆ ಅಂಥ ಕಷ್ಟ ಇದೆ ಎಂದರೆ ನಂಬುವವರು ಕಡಿಮೆ.

ಖಾಲಿ ಬರುವುದೆಂದರೆ ಏನು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಚೆನ್ನೈಯಲ್ಲಿ ಮಾಲು ಇಳಿಸಿ ಬಂಗಾರಪೇಟೆಗೆ ಬರಲು ಸುಮಾರು 270 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹತ್ತು ಚಕ್ರದ ಗಾಡಿ ಖಾಲಿ ಇದ್ದಾಗ ಲೀಟರಿಗೆ ಐದು ಕಿಲೋಮೀಟರ್ ಕೊಟ್ಟರೂ 54 ಲೀಟರ್ ಬೇಕು. ಲೀಟರಿಗೆ 91 ರೂಪಾಯಿ ಎಂದು ಹಿಡಿದರೂ ಡೀಸೆಲ್ಲಿಗೇ ಐದು ಸಾವಿರ ಹತ್ತಿರ. ಟೋಲ್, ಡ್ರೈವರ್ ಬತ್ತಾ, ಟೈರಿನ ಸವಕಳಿ ಬೇರೆ. ಇದೆಲ್ಲ ಹೋಗುವಾಗಿನ ಬಾಡಿಗೆಯಿಂದಲೇ ಹುಟ್ಟಬೇಕು. ದೇಶದ ತುಂಬ ಶಾಖೆಗಳಿರುವ ದೊಡ್ಡ ಕಂಪನಿಗೆ ಚೆನ್ನೈಯಲ್ಲೇ ವಾಪಸ್ ಲೋಡ್ ಕಾದಿರುತ್ತದೆ. ಹಾಗಾಗಿ ಅವರು ಬಾಡಿಗೆ ಇಳಿಸಿ ಹೇಳಬಲ್ಲರು. ನಾವು ಅದೇ ದರಕ್ಕೆ ಹೊರಟರೆ ಗಾಡಿ ಓಡಿದಷ್ಟೂ ಸಾಲ.

ನಿಂತ ಗಾಡಿಗೂ ಖರ್ಚು ತಪ್ಪಿದ್ದಲ್ಲ. 2022ರಲ್ಲಿ ನಿಗದಿಯಾದ ದರದಂತೆ 20ರಿಂದ 40 ಟನ್ ತೂಕದ ವರ್ಗದ ಸರಕು ವಾಹನಕ್ಕೆ ಥರ್ಡ್ ಪಾರ್ಟಿ ವಿಮೆಯೇ ವರ್ಷಕ್ಕೆ 43,950 ರೂಪಾಯಿ, ಮೇಲೆ ಜಿಎಸ್‌ಟಿ. ನ್ಯಾಷನಲ್ ಪರ್ಮಿಟ್ಟಿಗೆ 16,500. ಗಾಡಿಗೆ ಎಂಟು ವರ್ಷ ದಾಟಿದರೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟು. ಎಫ್‌ಸಿ ಮಾಡಿಸಬೇಕೆಂದರೆ ಪೇಂಟಿಂಗ್, ಬಾಡಿ ಕೆಲಸ, ಹೊಸ ಟೈರು. ಇವೆಲ್ಲ ಕಂತಿನ ಜೊತೆಗೆ ಒಟ್ಟಿಗೇ ಬಂದು ಕುತ್ತಿಗೆಗೆ ಕೂರುತ್ತವೆ.

2018ರ ಜುಲೈಯಲ್ಲಿ ಬಂದ ಒಂದು ಬದಲಾವಣೆಯ ಬಗ್ಗೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿದರು. ಕೇಳಲು ಒಳ್ಳೆಯ ಸುದ್ದಿ. ಆದರೆ ಸಾಗಿಸಬೇಕಾದ ಮಾಲು ಅಷ್ಟೇ ಇದ್ದು, ಗಾಡಿಯೊಳಗೆ ಹಿಡಿಸುವುದು ಹೆಚ್ಚಾದರೆ ಒಂದಿಷ್ಟು ಗಾಡಿಗಳಿಗೆ ಕೆಲಸ ತಪ್ಪಲೇಬೇಕಲ್ಲ? ಅದರ ಹೊಡೆತ ತಿಂದವರು ಒಂದೆರಡು ಗಾಡಿ ಇಟ್ಟುಕೊಂಡು ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದವರು. ಇನ್ನೊಂದಿಷ್ಟು ಹೆಚ್ಚು ತುಂಬಿ ಅದನ್ನು ಸರಿದೂಗಿಸೋಣ ಎಂದರೆ 2019ರ ಕಾಯ್ದೆ ತಿದ್ದುಪಡಿಯ ಪ್ರಕಾರ ಓವರ್‌ಲೋಡಿಗೆ 20,000 ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಇನ್ನೂ ಎರಡು ಸಾವಿರ. ದಂಡ ಇರಬೇಕು, ರಸ್ತೆಯಲ್ಲಿ ಜೀವ ಉಳಿಯಬೇಕು. ಹೆಚ್ಚು ತುಂಬು ಎಂದು ಒತ್ತಾಯ ಮಾಡುವ ಮಾಲಿನ ಧಣಿಗಳೂ ಅದರಲ್ಲಿ ಪಾಲು ಕಟ್ಟುವ ಹಾಗಾಗಬೇಕು ಎಂಬುದಷ್ಟೇ ನನ್ನ ಮಾತು.

ಟೊಮೆಟೊ ವಿಚಾರಕ್ಕೆ ಬರೋಣ, ನಮ್ಮ ಜಿಲ್ಲೆಯ ಬಾಡಿಗೆಯ ಜೀವಾಳ ಅದು. ಕೋಲಾರದ ಮಂಡಿಯಲ್ಲಿ ಹರಾಜು ಮುಗಿದ ಮೇಲೆ 15 ಕಿಲೋ ಹಿಡಿಯುವ ಕ್ರೇಟುಗಳು ಗಾಡಿ ಏರುತ್ತವೆ. ಹಮಾಲಿಗಳು ಕೈಯಿಂದ ಕೈಗೆ ದಾಟಿಸುವ ವೇಗ ನೋಡಿದರೆ ಸುಲಭ ಅನ್ನಿಸಬೇಕು. ಆದರೆ ಗಾಡಿಯ ಮೇಲೆ ನಿಂತು ಜೋಡಿಸುವವನ ಕೈಯಲ್ಲಿ ಇಡೀ ಟ್ರಿಪ್ಪಿನ ಲಾಭನಷ್ಟ ಇರುತ್ತದೆ. ಸಾಲುಗಳ ನಡುವೆ ಗಾಳಿ ಆಡುವ ಸಂದು ಬಿಡದಿದ್ದರೆ ನಾಗಪುರ ದಾಟುವಷ್ಟರಲ್ಲಿ ಒಳಗೆ ಕಾವು ಏರಿ ಹಣ್ಣು ನೀರೊಡೆಯುತ್ತದೆ. ಸಂದು ಜಾಸ್ತಿಯಾದರೆ ತಿರುವಿನಲ್ಲಿ ಸಾಲೇ ವಾಲುತ್ತದೆ. ಟಾರ್ಪಾಲನ್ನು ನೆತ್ತಿಗೆ ಮಾತ್ರ ಬಿಗಿದು ಪಕ್ಕ ಬಿಡಬೇಕು, ಮಳೆ ಬಂದರೆ ಡ್ರೈವರ್ ನಿಲ್ಲಿಸಿ ಇಳಿಸಿಕೊಳ್ಳಬೇಕು. ಹಳೆಯ ಡ್ರೈವರುಗಳು ಗಾಡಿ ನಿಲ್ಲಿಸಿದಾಗಲೆಲ್ಲ ಟೈರಿಗೆ ಮುಂಚೆ ಹಿಂದಿನ ಕ್ರೇಟಿನ ಸಂದಿಗೆ ಕೈ ಹಾಕಿ ಬಿಸಿ ನೋಡುತ್ತಾರೆ. ಆ ಥರದ ಡ್ರೈವರ್ ಸಿಕ್ಕರೆ ಅವನನ್ನು ಕಳಕೊಳ್ಳಬೇಡಿ. ಸಂಬಳದ ಜೊತೆ ಅವನ ಮಕ್ಕಳ ಸ್ಕೂಲ್ ಫೀಸಿಗೂ ಕೈ ಕೊಡಿ. ಇವತ್ತು ಈ ಕೆಲಸಕ್ಕೆ ಹೊಸ ಹುಡುಗರು ಬರುತ್ತಲೇ ಇಲ್ಲ. ಕಾರ್ಖಾನೆಯ ಶಿಫ್ಟ್ ಕೆಲಸದಲ್ಲಿ ರಾತ್ರಿ ಮನೆಗೆ ಬರಬಹುದು, ಲಾರಿಯಲ್ಲಿ ಆಗದು.

ಟೊಮೆಟೊದ ಬೆಲೆಗೂ ನಮ್ಮ ಬಾಡಿಗೆಗೂ ಸಂಬಂಧ ಇರಬಾರದು, ಇದ್ದೇ ಇದೆ. 2023ರ ಜುಲೈಯಲ್ಲಿ ಕೋಲಾರದಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿದಾಗ ಒಂದು ಲೋಡಿನ ಮೌಲ್ಯ ಗಾಡಿಯ ಬೆಲೆಗೆ ಹತ್ತಿರ ಬಂತು. ಅದೇ ತಿಂಗಳು ಜೈಪುರಕ್ಕೆ ಹೊರಟ ಟೊಮೆಟೊ ಲಾರಿಯೊಂದು ಕಾಣೆಯಾದ ಸುದ್ದಿ ಪತ್ರಿಕೆಗಳಲ್ಲಿ ಬಂದು, ನಾವೆಲ್ಲ ರಾತ್ರಿ ಡ್ರೈವರಿಗೆ ಫೋನ್ ಮಾಡುತ್ತ ಕೂತೆವು. ಬೆಲೆ ಬಿದ್ದಾಗ ಇನ್ನೊಂದು ಥರ. ಮಾಲು ತಲುಪಿದ ಊರಿನಲ್ಲಿ ವ್ಯಾಪಾರಿ ‘ಹಣ್ಣು ಮೆತ್ತಗಾಗಿದೆ’ ಎಂದು ಬಾಡಿಗೆಯಲ್ಲೇ ಮುರಿಯುತ್ತಾನೆ. ಹೊರಡುವ ಮುಂಚೆ ಕ್ರೇಟುಗಳ ಎಣಿಕೆ, ಹಣ್ಣಿನ ಸ್ಥಿತಿ, ತಲುಪಬೇಕಾದ ಹೊತ್ತು ಇಷ್ಟನ್ನು ಬಿಲ್ಟಿಯಲ್ಲಿ ಬರೆಸಿ, ಲೋಡಿನ ಫೋಟೊ ತೆಗೆದು ಇಬ್ಬರಿಗೂ ವಾಟ್ಸಾಪಿನಲ್ಲಿ ಕಳಿಸಿದರೆ ಈ ಜಗಳ ಅರ್ಧಕ್ಕರ್ಧ ತಗ್ಗುತ್ತದೆ. ಇದು ನಾನು ಮಾಡಿ ನೋಡಿದ್ದು.

ಈಗ ಎಲ್ಲಕ್ಕಿಂತ ದೊಡ್ಡ ಗಾಯ. ನರಸಾಪುರದ ಕಾರ್ಖಾನೆಗಳು ಸಾಗಾಟವನ್ನು ಟೆಂಡರಿಗೆ ಬಿಡುತ್ತವೆ. ಇಷ್ಟು ಗಾಡಿ ಇರಬೇಕು, ಇಷ್ಟು ವಹಿವಾಟು ಇರಬೇಕು, ಜಿಪಿಎಸ್ ಇರಬೇಕು ಎಂಬ ಷರತ್ತುಗಳಿಗೆ ನಮ್ಮಂಥವರು ನಿಲುಕುವುದಿಲ್ಲ. ದೊಡ್ಡ ಕಂಪನಿ ಟೆಂಡರ್ ಹಿಡಿಯುತ್ತದೆ, ಬೆಂಗಳೂರಿನ ಬ್ರೋಕರಿಗೆ ಕೊಡುತ್ತದೆ, ಅವನು ಇಲ್ಲಿಯ ಏಜೆಂಟನಿಗೆ ಹೇಳುತ್ತಾನೆ, ಕೊನೆಗೆ ಫೋನ್ ಬರುವುದು ನನಗೆ. ಕಾರ್ಖಾನೆ ನಮ್ಮ ನೆಲದಲ್ಲಿದೆ, ಲಾರಿ ನಮ್ಮೂರಿನದು, ನಡುವೆ ಮೂರು ಕೈ ದಾಟಿ ಬರುವಷ್ಟರಲ್ಲಿ ಬಾಡಿಗೆ ಸೊರಗಿರುತ್ತದೆ. ಅಡ್ವಾನ್ಸು ಡೀಸೆಲ್ಲಿಗೆ ಸಾಕಾಗುತ್ತದೆ. ಬಾಕಿ ಹಣ ಸಹಿ ಹಾಕಿಸಿದ ಕಾಗದ ತಲುಪಿದ ಮೇಲೆ. ತಲುಪಿಸಿದ ಮೇಲೆ ‘ಬಿಲ್ ಪಾಸಾಗಿಲ್ಲ’. ಬೆಂಗಳೂರಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನವರು ನನ್ನ ಬಾಕಿಯನ್ನು ಒಂದು ವರ್ಷದ ಆಚೆಗೂ ಎಳೆದರು. ಅಷ್ಟು ದಿನವೂ ಅವರ ಗಾಡಿ ಕೆಲಸ ನಿಲ್ಲಿಸಲು ನನಗೆ ಧೈರ್ಯ ಬರಲಿಲ್ಲ, ನಿಲ್ಲಿಸಿದರೆ ಹಳೆಯ ಹಣ ಪೂರ್ತಿ ಮುಳುಗುತ್ತದೆ. ಬಾಕಿ ಬರಬೇಕಾದವನು ಕೈಕಟ್ಟಿಸಿಕೊಂಡವನು ಎಂಬುದು ಈ ಲೈನಿನಲ್ಲಿ ಎಲ್ಲರಿಗೂ ಗೊತ್ತಿರುವ ಸತ್ಯ. ಆ ಬಾಕಿ ಬರುವ ತನಕ ಕಂತು ಕಟ್ಟಲು ನಾವು ಮೀಟರ್ ಬಡ್ಡಿಗೆ ತರುತ್ತೇವೆ. ಲಾರಿ ಸೀಜ್ ಆಗುವುದು ಅಲ್ಲಿಂದ.

ಇದಕ್ಕೆ ಕಾನೂನಿನಲ್ಲಿ ದಾರಿ ಇದೆ, ನಮ್ಮವರು ಬಳಸುವುದಿಲ್ಲ. ಉದ್ಯಮ್ ನೋಂದಣಿಗೆ ಒಂದು ಪೈಸೆ ಖರ್ಚಿಲ್ಲ, ಆಧಾರ್, ಪಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ. ಹಾಗೆ ನೋಂದಾಯಿಸಿದ ಸಣ್ಣ ಉದ್ದಿಮೆಗೆ, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಇದಕ್ಕಿಂತ ಚುರುಕು ಮುಟ್ಟಿಸಿದ್ದು ಆದಾಯ ತೆರಿಗೆ ಕಾನೂನಿಗೆ ಬಂದು 2024ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿ: ಈ ಗಡುವಿನೊಳಗೆ ನಮ್ಮ ಹಣ ಕೊಡದ ಕಂಪನಿ, ಕೊಟ್ಟ ವರ್ಷದ ತನಕ ಅದನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ. ನನ್ನ ಬಿಲ್ಲಿನ ತಲೆಯ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿದ ಮೇಲೆ, ಮಾರ್ಚ್ ಹತ್ತಿರ ಬಂದಾಗ ಬಾಕಿ ಉಳಿಸಿಕೊಂಡವರ ಅಕೌಂಟೆಂಟೇ ಫೋನ್ ಮಾಡಿ ಬಾಕಿ ಎಷ್ಟಿದೆ ಎಂದು ಕೇಳತೊಡಗಿದರು. ಇನ್ನೊಂದು: ಹತ್ತು ಗಾಡಿಗಳವರೆಗೆ ಇರುವವರು ಪಾನ್ ಜೊತೆ ಒಂದು ಘೋಷಣಾ ಪತ್ರ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವಂತಿಲ್ಲ. ಈ ಕಾಗದ ಕೊಡದೆ ಹಣ ಕಳಕೊಳ್ಳುತ್ತಿರುವವರು ಬಂಗಾರಪೇಟೆಯಲ್ಲೇ ಎಷ್ಟೋ ಮಂದಿ ಇದ್ದಾರೆ.

ಡೀಸೆಲ್ ದರವನ್ನೂ ಒಪ್ಪಂದದಲ್ಲಿ ಬರೆಸಿ. 2025ರ ಏಪ್ರಿಲ್ 1ರಂದು ರಾಜ್ಯದಲ್ಲಿ ಡೀಸೆಲ್ ಲೀಟರಿಗೆ ಎರಡು ರೂಪಾಯಿ ಏರಿತು, ಏಪ್ರಿಲ್ 14ರ ಮಧ್ಯರಾತ್ರಿಯಿಂದ ಲಾರಿ ಮಾಲೀಕರ ಮುಷ್ಕರವೂ ಆಯಿತು. ಮುಷ್ಕರ ಮುಗಿದ ಮೇಲೆ ನಮ್ಮಲ್ಲಿ ಬಾಡಿಗೆ ಏರಿದ್ದು, ದರ ಬದಲಾದರೆ ಬಾಡಿಗೆಯೂ ಬದಲಾಗಬೇಕು ಎಂದು ಮೊದಲೇ ಬರೆಸಿಕೊಂಡವರಿಗೆ.

ಗಡಿಯ ಮಾತನ್ನೂ ಆಡಬೇಕು. ಕೆಜಿಎಫಿನಿಂದ ಆಂಧ್ರ, ತಮಿಳುನಾಡು ಎರಡೂ ಕೈಗೆಟಕುವ ದೂರ. ನ್ಯಾಷನಲ್ ಪರ್ಮಿಟ್ ಇರುವ ಹೊರರಾಜ್ಯದ ಲಾರಿ ಇಲ್ಲಿ ತುಂಬಿ ಇಲ್ಲೇ ಇನ್ನೊಂದು ಊರಿನಲ್ಲಿ ಇಳಿಸುವಂತಿಲ್ಲ ಎಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಕರಾವಳಿಯ ಸರಕನ್ನು ವಿದೇಶಿ ಹಡಗು ಸಾಗಿಸದಂತೆ ಹಲವು ದೇಶಗಳು ತಡೆ ಹಾಕುವುದೂ ಹೀಗೆಯೇ, ತಮ್ಮವರ ಕೆಲಸ ಉಳಿಯಲೆಂದು. ಆದರೂ ಮಾಲೂರಿನಿಂದ ತುಮಕೂರಿಗೆ ಹೊರಗಿನ ಗಾಡಿ ಅರ್ಧ ಬಾಡಿಗೆಗೆ ಹೋಗುತ್ತದೆ, ಕೇಳುವವರಿಲ್ಲ. ಆ ಡ್ರೈವರ್ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಖಾಲಿ ಹೋಗಲಾರದೆ ಸಿಕ್ಕಿದ್ದನ್ನು ತುಂಬಿಕೊಂಡವನು, ಢಾಬಾದಲ್ಲಿ ಪಕ್ಕದಲ್ಲೇ ಕೂತು ಊಟ ಮಾಡುವವನು. ಅರ್ಧ ದರಕ್ಕೆ ಗಾಡಿ ಸಿಕ್ಕಿತೆಂದು ಹಿಗ್ಗುವ ಮಾಲಿನ ಧಣಿಗೆ ಮಾತ್ರ ಒಂದು ಮಾತು ಹೇಳುತ್ತೇನೆ: ಮಾಲು ಕೆಟ್ಟರೆ ಬಾಗಿಲಿಗೆ ಬಂದು ಕೇಳಲು ಊರಿನ ಲಾರಿಯವನ ಮನೆ ಇಲ್ಲೇ ಇರುತ್ತದೆ.

ಈಗ ನಾವು ಬಂಗಾರಪೇಟೆಯ ಕೆಲವು ಮಾಲೀಕರು ಒಂದು ಗುಂಪು ಮಾಡಿಕೊಂಡಿದ್ದೇವೆ. ಯಾರ ಗಾಡಿ ಚೆನ್ನೈಯಲ್ಲಿದೆ, ಯಾರದು ಹೊಸೂರಿನಲ್ಲಿದೆ ಎಂದು ಬೆಳಗ್ಗೆ ಫೋನಿನಲ್ಲಿ ಹಾಕುತ್ತೇವೆ, ಒಬ್ಬನಿಗೆ ಸಿಕ್ಕ ವಾಪಸ್ ಲೋಡನ್ನು ಹತ್ತಿರ ಇರುವ ಇನ್ನೊಬ್ಬನಿಗೆ ಕಮಿಷನ್ ಇಲ್ಲದೆ ಕೊಡುತ್ತೇವೆ. ಬಾಕಿ ಉಳಿಸಿಕೊಂಡ ಆಫೀಸಿನ ಹೆಸರು ಬಂದರೆ ಆ ತಿಂಗಳು ಯಾರೂ ಅಲ್ಲಿ ಗಾಡಿ ಹಚ್ಚುವುದಿಲ್ಲ. ಹೀಗೆ ಶುರುವಾದ ಮೇಲೆ ಗುಂಪಿನ ಒಬ್ಬರದೂ ಗಾಡಿ ಸೀಜ್ ಆಗಿಲ್ಲ.

ಹೊಸಕೋಟೆಯಿಂದ ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇಯ 71 ಕಿಲೋಮೀಟರ್ 2024ರ ಡಿಸೆಂಬರಿನಲ್ಲಿ ತೆರೆಯಿತು. ಕಂಟೇನರುಗಳು ನಮ್ಮ ಪಕ್ಕದಲ್ಲೇ ಹಾದು ಬಂದರಿಗೆ ಹೋಗಲಿವೆ. ಅವು ಹಾದು ಹೋಗುವುದರಿಂದ ನಮಗೇನೂ ಸಿಗುವುದಿಲ್ಲ. ಯಶವಂತಪುರದಲ್ಲಿ ದೇವರಾಜ ಅರಸು ಹೆಸರಿನ ಸರ್ಕಾರಿ ಸಂಸ್ಥೆ ಟ್ರಕ್ ಟರ್ಮಿನಲ್ ನಡೆಸುತ್ತಿದೆ. ಅಂಥದ್ದೊಂದು ಬೇತಮಂಗಲದ ಇಳಿದಾರಿಯ ಹತ್ತಿರ ಬರಬೇಕು: ಗಾಡಿ ನಿಲ್ಲಿಸಲು ಜಾಗ, ವೇ ಬ್ರಿಡ್ಜ್, ಡ್ರೈವರುಗಳಿಗೆ ಸ್ನಾನ ಮತ್ತು ನಿದ್ದೆಗೆ ಕೋಣೆ, ಲೋಡ್ ಬುಕಿಂಗಿನ ಕೌಂಟರು, ಟೊಮೆಟೊಗೆ ಒಂದು ಶೀತಲ ಗೋದಾಮು. ಅಲ್ಲಿ ಕಂಪನಿಗಳು ನೇರವಾಗಿ ಬಂದು ಬಾಡಿಗೆ ಮಾತಾಡುವಂತಾದರೆ ನಡುವಿನ ಕೈಗಳು ಒಂದೆರಡಾದರೂ ಕಡಿಮೆಯಾಗುತ್ತವೆ. ಇದನ್ನು ಬರೆದು ಮನವಿ ತಯಾರು ಮಾಡಿದ್ದೇವೆ. ಕೆಜಿಎಫ್, ಬಂಗಾರಪೇಟೆ, ಮುಳಬಾಗಿಲು ಮೂರೂ ಕಡೆಯ ಮಾಲೀಕರ ಸಹಿ ಬೇಕು. ಒಂದೇ ಗಾಡಿ ಇದ್ದರೂ ಸರಿ, ಆರ್‌ಸಿ ಪ್ರತಿ ಹಿಡಿದುಕೊಂಡು ಬನ್ನಿ.