ಒಂಟಿತನಕ್ಕೆ ಮಣ್ಣಿನ ಮದ್ದು

ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಮನೆಗಳಲ್ಲಿ ಇಂದು ಹಿರಿಯರು ಮಾತ್ರ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ, ಮುಂಬೈಯಲ್ಲೋ, ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುತ್ತಿದ್ದಾರೆ. ಹಣ ಬರುತ್ತದೆ, ಫೋನೂ ಬರುತ್ತದೆ. ಆದರೆ ಹಗಲಿಡೀ ಎದುರು ಕುಳಿತು ಮಾತನಾಡುವವರಿಲ್ಲ. ಭಾನುವಾರ ಪೂಜೆಯ ನಂತರ “ಚೆನ್ನಾಗಿದ್ದೀರಾ?” ಎಂದು ಕೇಳುತ್ತೇವೆ. “ಹೂಂ” ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಈ ಒಂಟಿತನಕ್ಕೆ ಔಷಧಿ ಅಂಗಡಿಯಲ್ಲಿ ಮಾತ್ರೆ ಸಿಗುವುದಿಲ್ಲ. ಇಂಗ್ಲೆಂಡಿನ ಒಂದು ಹಳ್ಳಿ ಇದಕ್ಕೆ ಕಂಡುಕೊಂಡ ದಾರಿಯನ್ನು ಈ ವಾರ ನೋಡೋಣ.

ವೈದ್ಯರ ಹೊಸ ಯೋಚನೆ

ಆಕ್ಸ್‌ಫರ್ಡ್‌ಶೈರ್ ಪ್ರಾಂತ್ಯದಲ್ಲಿ ಸಾನಿಂಗ್ ಕಾಮನ್ ಎಂಬ ಹಳ್ಳಿಯಿದೆ. ಅಲ್ಲಿನ ವೈದ್ಯರಾದ ವಿಲಿಯಂ ಬರ್ಡ್ 1990ರ ದಶಕದಲ್ಲಿ ಮೊದಲು ಜನರನ್ನು ಗುಂಪಾಗಿ ನಡಿಗೆಗೆ ಹೊರಡಿಸಿದರು. ಆ ದಶಕದ ಕೊನೆಯಲ್ಲಿ ಪ್ರಕೃತಿ ರಕ್ಷಣೆಯ ಸ್ವಯಂಸೇವಾ ಸಂಸ್ಥೆಯೊಂದರ ಜೊತೆಗೂಡಿ ‘ಗ್ರೀನ್ ಜಿಮ್’, ಅಂದರೆ ಹಸಿರು ವ್ಯಾಯಾಮಶಾಲೆಯನ್ನು ಆರಂಭಿಸಿದರು. ಇದಕ್ಕೆ ಕಟ್ಟಡವಿಲ್ಲ, ಯಂತ್ರಗಳಿಲ್ಲ. ಜನ ಬಯಲಿನಲ್ಲಿ ಸೇರುತ್ತಾರೆ, ಸ್ವಲ್ಪ ಹೊತ್ತು ಮೈ ಸಡಿಲಿಸಿಕೊಳ್ಳುತ್ತಾರೆ. ಬಳಿಕ ಗಿಡ ನೆಡುವುದು, ಪೊದೆ ಸವರುವುದು, ಕಾಲುದಾರಿ ಸರಿಪಡಿಸುವುದು ಹೀಗೆ ತಮ್ಮ ಶಕ್ತಿಗೆ ತಕ್ಕ ಕೆಲಸ ಮಾಡುತ್ತಾರೆ. ನಡುವೆ ಎಲ್ಲರೂ ಕೂಡಿ ಚಹಾ ಕುಡಿಯುತ್ತಾರೆ.

ಈ ಯೋಜನೆ ಬ್ರಿಟನ್ನಿನ ಅನೇಕ ಊರುಗಳಿಗೆ ಹಬ್ಬಿತು. 2021ರಿಂದ 2023ರವರೆಗೆ ಇಂಗ್ಲೆಂಡಿನ ಸರಕಾರವೂ ಇಂಥದೇ ಪ್ರಯೋಗವನ್ನು 7 ಪ್ರದೇಶಗಳಲ್ಲಿ ನಡೆಸಿತು. ಮನಸ್ಸು ಕುಗ್ಗಿದವರನ್ನು ತೋಟಗಾರಿಕೆ, ನಡಿಗೆ ಮೊದಲಾದ ಗುಂಪುಗಳಿಗೆ ಕಳುಹಿಸಲಾಯಿತು. 8,000ಕ್ಕೂ ಹೆಚ್ಚು ಜನ ಇದರಲ್ಲಿ ಭಾಗವಹಿಸಿದರು.

ಇದು ಫಲಿಸುವುದೇಕೆ?

ಮೊದಲನೆಯದಾಗಿ, ಎದುರುಬದುರು ಕುಳಿತು ಮನಸ್ಸು ಬಿಚ್ಚುವುದು ಕಷ್ಟ. ಅಕ್ಕಪಕ್ಕ ನಿಂತು ಕಳೆ ಕೀಳುವಾಗ ಮಾತು ತಾನಾಗಿ ಹೊರಡುತ್ತದೆ. ಮಾತಿಲ್ಲದಿದ್ದರೂ ಮುಜುಗರವಿಲ್ಲ, ಕೈಯಲ್ಲಿ ಕೆಲಸವಿರುತ್ತದೆ.

ಎರಡನೆಯದಾಗಿ, ಒಂಟಿಯಾದವರಿಗೆ ಕನಿಕರಕ್ಕಿಂತ ‘ನನ್ನಿಂದಲೂ ಉಪಯೋಗವಿದೆ’ ಎಂಬ ಭಾವನೆ ಬೇಕು. ಇಲ್ಲಿ ಅವರು ರೋಗಿಗಳಲ್ಲ, ಕೆಲಸಗಾರರು.

ಮೂರನೆಯದಾಗಿ, ನೆಟ್ಟ ಗಿಡ ಮುಂದಿನ ವಾರವೂ ನಮ್ಮನ್ನು ಕರೆಯುತ್ತದೆ. ನೀರು ಹಾಕದಿದ್ದರೆ ಬಾಡುತ್ತದೆ. ಹಾಗಾಗಿ ಭೇಟಿ ಒಂದೇ ದಿನಕ್ಕೆ ನಿಲ್ಲುವುದಿಲ್ಲ.

ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರಲ್ಲಿ ತಮ್ಮ ಆರೋಗ್ಯ ಚೆನ್ನಾಗಿದೆ ಎಂದವರು ಹೆಚ್ಚು. ಆದರೆ ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂಬುದನ್ನೂ ನೆನಪಿಡಬೇಕು. ತೋಟದ ಕೆಲಸ ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ. ತೀವ್ರ ಖಿನ್ನತೆಯಿರುವವರನ್ನು ವೈದ್ಯರಲ್ಲಿಗೆ ಕರೆದೊಯ್ಯಲೇಬೇಕು.

ನಮಗೆ ಇದು ಹೊಸದೇ?

ಕರಾವಳಿಯ ಕುಟುಂಬಗಳು ಸೆಪ್ಟೆಂಬರ್ 8ರ ತೆನೆಹಬ್ಬವನ್ನು ನೆನೆಯಲಿ. ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಮಾತೆ ಮರಿಯಳಿಗೆ ಅರ್ಪಿಸುತ್ತಾರೆ. ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಎಲ್ಲರೂ ಒಟ್ಟಿಗೆ ಕುಳಿತು ಹೊಸ ಅಕ್ಕಿ ಸವಿಯುತ್ತಾರೆ. ದೂರದಲ್ಲಿರುವ ಮಕ್ಕಳಿಗೂ ಕಾಳು ಕಳುಹಿಸುವುದುಂಟು. ಮಣ್ಣಿನ ಬೆಳೆ ಮನುಷ್ಯರನ್ನು ಒಂದುಗೂಡಿಸುತ್ತದೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ವರ್ಷಕ್ಕೊಮ್ಮೆ ಬರುವ ಆ ಕೂಟ ವಾರಕ್ಕೊಮ್ಮೆ ಆಗಬಾರದೇಕೆ?

ಧರ್ಮಗುರುಗಳೊಂದಿಗೆ ಮಾತನಾಡಿ ಚರ್ಚಿನ ಆವರಣದಲ್ಲಿ ನಾಲ್ಕು ಸಾಲು ಜಾಗ ಗುರುತಿಸಿ. ಮಳೆಗಾಲದ ಆರಂಭದಲ್ಲಿ ಬಸಳೆ, ಬೆಂಡೆ, ನುಗ್ಗೆಯಂಥ ಸುಲಭದ ಬೆಳೆಯಿಂದ ತೊಡಗಿ. ಬಿಸಿಲೇರುವ ಮುನ್ನ ವಾರಕ್ಕೊಂದು ಗಂಟೆ ನಿಗದಿಯಾಗಿರಲಿ. ಪ್ರಕಟಣೆ ಓದಿದರೆ ಸಾಲದು, ಒಂಟಿಯಾದವರ ಮನೆಗೆ ಹೋಗಿ ಕರೆತನ್ನಿ. ಬಗ್ಗಲಾಗದ ಅಜ್ಜಿ ಕುರ್ಚಿಯಲ್ಲಿ ಕುಳಿತು ಬೀಜ ಆರಿಸಲಿ, ಯಾವುದನ್ನು ಯಾವಾಗ ಬಿತ್ತಬೇಕೆಂದು ಮಕ್ಕಳಿಗೆ ಹೇಳಿಕೊಡಲಿ. ಮೊದಲ ಫಸಲು ಹಾಸಿಗೆ ಹಿಡಿದವರ ಮನೆಗೆ ಹೋಗಲಿ. ಮುಖ್ಯವಾಗಿ, ಎರಡು ವಾರ ಬಾರದವರನ್ನು ವಿಚಾರಿಸಲು ಒಬ್ಬರು ಹೊಣೆ ಹೊರಲಿ. ಬಸಳೆ ಬೆಳೆಯದಿದ್ದರೂ ಚಿಂತೆಯಿಲ್ಲ, ಒಬ್ಬರು ಬಾರದಿದ್ದುದು ಯಾರ ಗಮನಕ್ಕೂ ಬಾರದಂತೆ ಆಗಬಾರದು.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ವಾರ್ಡಿನಲ್ಲಿ ಒಂಟಿಯಾಗಿರುವವರು ಯಾರು? ಅವರ ಮನೆಗೆ ನಾವು ಕೊನೆಯ ಬಾರಿ ಹೋದದ್ದು ಯಾವಾಗ?

2. ನಮ್ಮ ಮನೆಯ ಹಿರಿಯರಿಗೆ ಗಿಡ, ಬೆಳೆಯ ಬಗ್ಗೆ ಏನೇನು ಗೊತ್ತಿದೆ? ಮಕ್ಕಳು ಕೇಳಿ ಬರೆದುಕೊಳ್ಳಲಿ.

3. ವಾರಕ್ಕೊಂದು ಗಂಟೆಯನ್ನು ನಮ್ಮ ಮನೆಯಿಂದ ಯಾರು ಕೊಡಬಲ್ಲರು?